ದಿನ ಎಣಿಸಬಲ್ಲವರು ಬೇಕು

ಪಿಯುಸಿ ಫಲಿತಾಂಶ ಬಂತೆಂದರೆ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಮನೆಗಳಲ್ಲಿ ನಡೆಯುವ ಚರ್ಚೆ ಹೆಚ್ಚುಕಡಿಮೆ ಒಂದೇ. ಅಂಕ ಚೆನ್ನಾಗಿದ್ದರೆ ವಿಜ್ಞಾನ, ಇಲ್ಲವಾದರೆ ವಾಣಿಜ್ಯ, ಅದೂ ಆಗದಿದ್ದರೆ ಬಿ.ಎ. ಮುಗಿಸಿ ಬಿ.ಎಡ್. ಅಪರಾಧ ಶಾಸ್ತ್ರ, ಕಾರಾಗೃಹ ಸುಧಾರಣೆ ಎಂಬ ವಿಷಯಗಳನ್ನೂ ಓದಬಹುದೆಂದು ಮಕ್ಕಳಿಗೆ ಹೇಳುವವರು ವಿರಳ. ಜೈಲೆಂಬ ಶಬ್ದ ಕೇಳಿದರೆ ಮುಖ ತಿರುಗಿಸುವ ಮರ್ಯಾದಸ್ಥರು ನಾವು. ಆದರೆ ಜೈಲು ನಮ್ಮಿಂದ ಮುಖ ತಿರುಗಿಸಿದೆಯೇ?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಮಂದಿಯಿದ್ದರು. ಅವರಲ್ಲಿ 4,34,302 ಮಂದಿ, ಅಂದರೆ ನಾಲ್ವರಲ್ಲಿ ಮೂವರು, ವಿಚಾರಣಾಧೀನರು, ಅಪರಾಧ ಸಾಬೀತಾಗದವರು. 2011ರ ಜನಗಣತಿಯಲ್ಲಿ ಶೇ. 14ರಷ್ಟಿದ್ದ ಮುಸ್ಲಿಮರು ಈ ವಿಚಾರಣಾಧೀನರಲ್ಲಿ ಸುಮಾರು ಶೇ. 19. ದಲಿತರು ಮತ್ತು ಆದಿವಾಸಿಗಳ ಪ್ರಮಾಣವೂ ಅವರ ಜನಸಂಖ್ಯೆಯ ಪಾಲಿಗಿಂತ ಹೆಚ್ಚು. ಆದ್ದರಿಂದ ಇದು ಒಂದು ಸಮುದಾಯದ ಗೋಳಲ್ಲ. ಜಾಮೀನಿಗೆ ಹಣವಿಲ್ಲದ ಎಲ್ಲರ ಪಾಡು.

ಇವರಿಗಾಗಿ ಕಾನೂನು ಇಲ್ಲವೆಂದಲ್ಲ. ಬಂಧನದಲ್ಲಿರುವ ವ್ಯಕ್ತಿಗೆ ಆದಾಯವನ್ನು ನೋಡದೆ ಉಚಿತ ವಕೀಲರನ್ನು ಒದಗಿಸಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಹೇಳುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಂತೆ, ಮೊದಲ ಬಾರಿ ಆರೋಪಕ್ಕೊಳಗಾದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ವಿಚಾರಣೆಯಲ್ಲೇ ಕಳೆದಿದ್ದರೆ ಅವನನ್ನು ಬಾಂಡಿನ ಮೇಲೆ ಬಿಡಬೇಕು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳಿಗೂ, ಒಂದಕ್ಕಿಂತ ಹೆಚ್ಚು ಪ್ರಕರಣಗಳಿದ್ದವರಿಗೂ ಇದು ಅನ್ವಯಿಸದು. ಹಳೆಯ ಪ್ರಕರಣಗಳಿಗೂ ಈ ಕಲಮು ಸಲ್ಲುತ್ತದೆಂದು ಸುಪ್ರೀಂ ಕೋರ್ಟು ಅದೇ ವರ್ಷದ ಆಗಸ್ಟಿನಲ್ಲಿ ಸ್ಪಷ್ಟಪಡಿಸಿತು. ಅವಧಿ ಪೂರ್ಣಗೊಂಡೊಡನೆ ಜೈಲು ಅಧೀಕ್ಷಕರೇ ನ್ಯಾಯಾಲಯಕ್ಕೆ ಬರೆಯಬೇಕು.

ಆದರೆ ದಿನ ಎಣಿಸುವವರು ಯಾರು? ಕಡತ ತೆರೆದು ಯಾವ ಕಲಮು, ಎಷ್ಟು ಶಿಕ್ಷೆ, ಎಷ್ಟು ದಿನ ಕಳೆಯಿತು ಎಂದು ನೋಡಬಲ್ಲ ವ್ಯಕ್ತಿ ಇಲ್ಲದಿದ್ದರೆ ಕಲಮು ಪುಸ್ತಕದಲ್ಲೇ ಉಳಿಯುತ್ತದೆ, ಮನುಷ್ಯ ಜೈಲಿನಲ್ಲೇ ಉಳಿಯುತ್ತಾನೆ.

ಮಕ್ಕಳು ವಕೀಲರಾದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ವಕೀಲರ ಕೆಲಸ ಬಹುಮಟ್ಟಿಗೆ ನ್ಯಾಯಾಲಯದೊಳಗಿನದು. 1958ರ ಪ್ರೊಬೇಷನ್ ಕಾಯ್ದೆಯಡಿ ಬಿಡುಗಡೆಯಾದವನ ಮೇಲೆ ನಿಗಾ ಇಡುವ ಅಧಿಕಾರಿ, ಕೈದಿಯ ಮನೆಗೆ ಹೋಗಿ ಬರುವ ಸಮಾಜ ಕಾರ್ಯಕರ್ತೆ, ಜೈಲಿನೊಳಗಿನ ಜೈಲರ್ ಎಲ್ಲರೂ ಬೇಕು. ಹೊಸ ನ್ಯಾಯ ಸಂಹಿತೆ ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆಯನ್ನೂ ಶಿಕ್ಷೆಯಾಗಿಸಿದೆ. ಅದನ್ನು ಅರ್ಥಪೂರ್ಣವಾಗಿ ನಡೆಸುವುದಕ್ಕೂ ಓದಿದವರು ಬೇಕಲ್ಲವೇ?

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧ ಶಾಸ್ತ್ರದ ವಿಭಾಗವಿದೆ. ಮಂಗಳೂರಿನ ರೋಶನಿ ನಿಲಯದಲ್ಲಿಯೂ ಈ ವಿಷಯವನ್ನು ಕಲಿಸುತ್ತಾರೆ. ಆದರೆ ಭತ್ತದ ಗದ್ದೆಯಲ್ಲಿ ಕೂಲಿ ಮಾಡುವವನ ಮಗಳು ಕೊಪ್ಪಳ, ಗದಗ ದಾಟಿ ಹೋಗಿ ಹಾಸ್ಟೆಲಿನಲ್ಲಿದ್ದು ಓದುವುದು ಸುಲಭವಲ್ಲ. ಸಿಂಧನೂರಿನ ಸರಕಾರಿ ಪ್ರಥಮ ದರ್ಜೆ ಕಾಲೇಜಿನ ಬಿ.ಎ. ತರಗತಿಯಲ್ಲಿ ಸಮಾಜಶಾಸ್ತ್ರದ ಜೊತೆಗೆ ಇದನ್ನೂ ಕಲಿಸಿ, ರಾಯಚೂರಿನ ಜಿಲ್ಲಾ ಕಾರಾಗೃಹ ಮತ್ತು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ತರಬೇತಿಗೆ ಅವಕಾಶ ಕೊಟ್ಟರೆ ಖರ್ಚು ಹೆಚ್ಚಾಗದು. ಈ ಭಾಗಕ್ಕೆ 371(ಜೆ) ವಿಧಿಯ ಮೀಸಲಾತಿಯೂ ಇದೆ. ಅರ್ಹತೆ ಗಳಿಸಿದವರಿಗೆ ಹುದ್ದೆಯ ದಾರಿ ಮುಚ್ಚಿಲ್ಲ.

ಮಗ ಬಂಧನವಾದ ಮೇಲೆ ಠಾಣೆಯಿಂದ ಠಾಣೆಗೆ ಅಲೆಯುವ ತಂದೆಗಾಗಿ ಚಂದಾ ಎತ್ತುವುದನ್ನು ನಾವು ಬಲ್ಲೆವು. ಅದು ಪುಣ್ಯದ ಕೆಲಸವೇ. ಆದರೆ ಆ ಚಂದಾದ ಒಂದು ಪಾಲನ್ನು ಇಬ್ಬರು ವಿದ್ಯಾರ್ಥಿಗಳ ಶುಲ್ಕಕ್ಕೆ ತೆಗೆದಿರಿಸಿದರೆ, ಮುಂದೆ ಅಲೆಯುವ ತಂದೆಯರ ಸಂಖ್ಯೆಯಾದರೂ ಕಡಿಮೆಯಾದೀತು. ಜಮಾಅತ್‌ಗಳು, ಕಾಲೇಜು ಅಭಿವೃದ್ಧಿ ಸಮಿತಿಗಳು, ಪೋಷಕರು ಈ ಬಗ್ಗೆ ಗಂಭೀರವಾಗಿ ಚಿಂತಿಸಬೇಕಾಗಿದೆ.