‘ಬರೀ ಅಣಕ ಅಲ್ವಾ’ ಅನ್ನುವವರಿಗೆ

ರೇಚಲ್ ಬ್ಲೂಮ್ ಹೆಸರು ಎತ್ತಿದರೆ ನನಗೆ ಸಿಗೋದು ಎರಡೇ ಉತ್ತರ. ಒಂದು, ‘ಯಾರು?’ ಇದರ ಬಗ್ಗೆ ನನ್ನ ತಕರಾರಿಲ್ಲ. ಇನ್ನೊಂದು, ‘ಓ, ಯೂಟ್ಯೂಬಲ್ಲಿ ಕಾಮಿಡಿ ಹಾಡು ಹಾಡ್ತಾಳಲ್ಲ ಅವಳಾ? ಮಜವಾಗಿ ಮಾಡ್ತಾಳೆ. ಆದ್ರೆ ಬರೀ ಪ್ಯಾರಡಿ ಅಲ್ವಾ, ಸ್ವಂತದ್ದು ಅಂತ ಏನಿದೆ?’ ಈ ಎರಡನೇ ಉತ್ತರ ಕೊಡುವವರ ಜೊತೆ ನನಗೆ ಜಗಳ ಇದೆ. ಅದರಲ್ಲೂ ಆ ‘ಬರೀ’ ಅನ್ನೋ ಪದದ ಜೊತೆ.

ಮೊದಲು ಪದದ ಗೊಂದಲ ಮುಗಿಸಿಬಿಡೋಣ. ನಮ್ಮಲ್ಲಿ ಅಣಕವಾಡು ಅಂದರೆ ಎಲ್ಲರಿಗೂ ಗೊತ್ತಿರುವ ಧಾಟಿ ತಗೊಂಡು ಅದಕ್ಕೆ ಬೇರೆ ಮಾತು ತುಂಬೋದು. ಹಾಸ್ಟೆಲ್ ಮೆಸ್ಸಿನ ಸಾರಿನ ಮೇಲೊಂದು, ಆಫೀಸಿನ ಆನ್ಯುಯಲ್ ಡೇ ದಿನ ಮ್ಯಾನೇಜರ್ ಮೇಲೊಂದು. ಧಾಟಿ ಪುಕ್ಕಟೆ, ಪ್ರಾಸ ಮಾತ್ರ ನಮ್ಮದು. ಅಮೆರಿಕದಲ್ಲಿ ವಿಯರ್ಡ್ ಆಲ್ ಯಾಂಕೋವಿಕ್ ಇದನ್ನೇ ದಶಕಗಟ್ಟಲೆ ಮಾಡಿ ಹೆಸರಾದವರು, ಅದೂ ಸುಲಭದ ಕೆಲಸ ಅಲ್ಲ. ಆದರೆ ಬ್ಲೂಮ್ ಮಾಡೋದು ಇದಲ್ಲ. ಅವಳ ಹಾಡುಗಳ ರಾಗ ಹೊಸದು, ಮಾತು ಹೊಸದು. ಅವಳು ಎರವಲು ತರೋದು ಹಾಡನ್ನಲ್ಲ, ಹಾಡಿನ ವರಸೆಯನ್ನ. ಫ್ರೆಡ್ ಅಸ್ಟೇರ್, ಜಿಂಜರ್ ರೋಜರ್ಸ್ ಜೋಡಿಯ ಕಪ್ಪು ಬಿಳುಪು ಕಾಲದ ನೃತ್ಯ, ಮರ್ಲಿನ್ ಮನ್ರೋ ವಜ್ರ ಧರಿಸಿ ಬಳುಕುವ ಹಾಡು, ಬ್ರಾಡ್‌ವೇ ನಾಯಕಿ ತನ್ನ ಕನಸು ಹೇಳಿಕೊಳ್ಳುವ ಹಾಡು, ಇಂಥವು. ಆ ವರಸೆ ಕಿವಿಗೆ ಬಿದ್ದ ತಕ್ಷಣ ನಾವು ಒಂದು ಭಾವಕ್ಕೆ ರೆಡಿಯಾಗಿ ಕೂತುಬಿಡ್ತೀವಿ. ಆಗ ಅವಳು ಆ ವರಸೆ ಅಷ್ಟು ವರ್ಷ ಮುಚ್ಚಿಟ್ಟಿದ್ದನ್ನ ಎದುರಿಗೆ ತಂದಿಡ್ತಾಳೆ. ಅಸ್ಟೇರ್ ಶೈಲಿಯಲ್ಲಿ ಸೂಟು ಹಾಕಿಕೊಂಡು ಕುಣಿಯುವ ಗಂಡಸು ಕೇಳೋದು ಪ್ರೀತಿಯನ್ನಲ್ಲ, ‘ಅವನು ಹೇಗೂ ಸಿಗಲ್ಲ, ನನ್ನಲ್ಲೇ ಅಡ್ಜಸ್ಟ್ ಮಾಡ್ಕೋ’ ಅನ್ನೋ ಅರ್ಥದ ಮಾತನ್ನ. ಕುಣಿತ ಮಾತ್ರ ಅಷ್ಟೇ ಚೆಂದ. ಎಷ್ಟು ಮದುವೆಗಳ ಹಿಂದೆ ಈ ಹಾಡು ಓಡ್ತಿರುತ್ತೆ ಅಂತ ಲೆಕ್ಕ ಹಾಕೋದು ಬೇಡ, ಬಿಡಿ.

ಇವಳಿಗೂ ಮುಂಚೆ ಈ ದಾರಿ ತುಳಿದವರಿದ್ದಾರೆ. 1911ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಆನಾ ರಸೆಲ್ ಶಾಸ್ತ್ರೋಕ್ತವಾಗಿ ಸಂಗೀತ ಕಲಿತ ಗಾಯಕಿ. ವ್ಯಾಗ್ನರ್‌ನ ‘ರಿಂಗ್’ ಅಪೆರಾ ಸರಣಿಯ ಕಥೆಯನ್ನ ಪಿಯಾನೋ ಮುಂದೆ ಕೂತು ಗಂಭೀರ ಮುಖ ಮಾಡಿಕೊಂಡು ವಿವರಿಸಿಯೇ ಜನರನ್ನ ಬಿದ್ದು ಬಿದ್ದು ನಗಿಸಿದಾಕೆ. ಅಪೆರಾ ಬಲ್ಲವರೇ ಅವಳಿಗೆ ದೊಡ್ಡ ಅಭಿಮಾನಿಗಳು. ಅಣಕಕ್ಕೆ ಮೊದಲ ಅರ್ಹತೆ ಮೂಲವನ್ನ ಅರೆದು ಕುಡಿದಿರೋದು ಅಂತ ಬೇರೆ ಯಾರೂ ಹೇಳಬೇಕಾಗಿಲ್ಲ.

ಬ್ಲೂಮ್ ಹುಟ್ಟಿದ್ದು 1987ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ನಾಟಕ ಓದಿದಳು. 2010ರ ಆಗಸ್ಟಿನಲ್ಲಿ, ರೇ ಬ್ರ್ಯಾಡ್‌ಬರಿಯ 90ನೇ ಹುಟ್ಟುಹಬ್ಬದ ಹೊತ್ತಿಗೆ, ಒಂದು ವಿಡಿಯೋ ಹಾಕಿದಳು. ಅದರ ಹೆಸರನ್ನ ಇಲ್ಲಿ ಬರೆಯೋ ಹಾಗಿಲ್ಲ, ಮನೆಯವರೂ ಓದ್ತಾರೆ. ಬ್ರಿಟ್ನಿ ಸ್ಪಿಯರ್ಸ್ ಕಾಲದ ಸ್ಕೂಲ್ ಯೂನಿಫಾರ್ಮ್ ಪಾಪ್ ವಿಡಿಯೋದ ವರಸೆ. ಅಲ್ಲಿ ಹುಡುಗಿ ಇರೋದು ಬೇರೆಯವರು ನೋಡಲಿ ಅಂತ. ಇಲ್ಲಿ ಹುಡುಗಿಗೇ ಆಸೆ, ಅದೂ ಒಬ್ಬ ವಯಸ್ಸಾದ ವೈಜ್ಞಾನಿಕ ಕಾದಂಬರಿಕಾರನ ಮೇಲೆ, ಕಾರಣ ಅವನು ಬರೆದ ಪುಸ್ತಕಗಳು! ‘ಪೋಲಿ ಹಾಡು ಹಾಡಿ ಫೇಮಸ್ ಆದಳು’ ಅನ್ನೋರು ಇದನ್ನ ಎರಡನೇ ಸಲ ನೋಡಬೇಕು. ಅದರಲ್ಲಿ ಪೋಲಿತನ ಇದೆ, ನಾನು ಇಲ್ಲ ಅನ್ನಲ್ಲ. ಆದರೆ ಓದುವ ಹುಚ್ಚು ಅನ್ನೋದು ಮೈಗೂ ಹತ್ತುವ ಹುಚ್ಚು ಅಂತ ಅಷ್ಟು ಲಜ್ಜೆ ಬಿಟ್ಟು ಹೇಳಿದ ಹಾಡು ಬೇರೊಂದು ನನಗೆ ಗೊತ್ತಿಲ್ಲ. ವೈಜ್ಞಾನಿಕ ಕಥಾಲೋಕ ಹುಡುಗರ ಆಸ್ತಿ ಅಂದುಕೊಂಡವರಿಗೆ ಒಂದು ಒದೆತವೂ ಅದರಲ್ಲಿತ್ತು. ಬ್ರ್ಯಾಡ್‌ಬರಿ ಅದನ್ನ ಕಂಪ್ಯೂಟರಿನಲ್ಲಿ ನೋಡ್ತಿರೋ ಫೋಟೋನೂ ಓಡಾಡಿತು. 2011ರಲ್ಲಿ ಆ ವಿಡಿಯೋ ಹ್ಯೂಗೋ ಪ್ರಶಸ್ತಿಗೆ ನಾಮನಿರ್ದೇಶನ ಆಯ್ತು. ಗೆದ್ದದ್ದು ‘ಡಾಕ್ಟರ್ ಹೂ’.

ಅವಳ ವಿಡಿಯೋಗಳನ್ನ ನೋಡಿದವರಲ್ಲಿ ಅಲೀನ್ ಬ್ರಾಶ್ ಮೆಕೆನ್ನಾ ಒಬ್ಬಳು, ‘ದ ಡೆವಿಲ್ ವೇರ್ಸ್ ಪ್ರಾಡಾ’ದ ಚಿತ್ರಕಥೆ ಬರೆದಾಕೆ. ಇಬ್ಬರೂ ಸೇರಿ ಕಟ್ಟಿದ್ದು ‘ಕ್ರೇಜಿ ಎಕ್ಸ್-ಗರ್ಲ್‌ಫ್ರೆಂಡ್’. ಶೋಟೈಮ್ ಚಾನೆಲ್ ಪೈಲಟ್ ಮಾಡಿಸಿ, ನೋಡಿ, ಬೇಡ ಅಂತು. ಆಮೇಲೆ ಸಿಡಬ್ಲ್ಯೂ ಚಾನೆಲ್ ಎತ್ತಿಕೊಂಡಿತು. 2015ರ ಅಕ್ಟೋಬರ್ 12ರಂದು ಶುರುವಾಗಿ 2019ರ ಏಪ್ರಿಲ್ 5ರಂದು ಮುಗಿಯಿತು. ನಾಲ್ಕು ಸೀಸನ್, 150ಕ್ಕೂ ಹೆಚ್ಚು ಹಾಡು.

ಕಥೆ ಇಷ್ಟು. ರೆಬೆಕಾ ಬಂಚ್ ನ್ಯೂಯಾರ್ಕಿನ ದೊಡ್ಡ ಲಾ ಫರ್ಮಿನಲ್ಲಿ ವಕೀಲೆ. ಹಾರ್ವರ್ಡ್, ಯೇಲ್, ಸಂಬಳ, ಎಲ್ಲ ಇದೆ. ಪ್ರಮೋಷನ್ ಕೈಗೆ ಬರೋ ದಿನವೇ ಅವಳಿಗೆ ಉಸಿರುಕಟ್ಟುತ್ತೆ. ಹದಿಹರೆಯದಲ್ಲಿ ಬೇಸಿಗೆ ಕ್ಯಾಂಪಿನಲ್ಲಿ ಪ್ರೀತಿಸಿದ್ದ ಹುಡುಗ ರಸ್ತೆಯಲ್ಲಿ ಎದುರಾಗ್ತಾನೆ, ತಾನು ಊರಿಗೆ ವಾಪಸ್ ಹೋಗ್ತಿದೀನಿ ಅಂತಾನೆ. ಇವಳು ಕೆಲಸ ಬಿಟ್ಟು ಅವನ ಊರಾದ ವೆಸ್ಟ್ ಕೊವಿನಾಗೆ ಹೊರಟುಬಿಡ್ತಾಳೆ. ಅವನಿಗೋಸ್ಕರ ಅಲ್ಲ ಅಂತ ಎಲ್ಲರಿಗೂ, ತನಗೂ ಹೇಳಿಕೊಳ್ತಾ.

ಪೈಲಟ್ಟಿನಲ್ಲೇ ಒಂದು ಹಾಡಿದೆ, ‘ದ ಸೆಕ್ಸಿ ಗೆಟಿಂಗ್ ರೆಡಿ ಸಾಂಗ್’. ಮಂದ ಬೆಳಕು, ನಿಧಾನ ಲಯ, ಹೆಣ್ಣು ಗಂಡಿಗಾಗಿ ಸಿಂಗರಿಸಿಕೊಳ್ಳುವ ಮಾದಕ ಹಾಡಿನ ವರಸೆ. ತೋರಿಸೋದು ಮಾತ್ರ ವ್ಯಾಕ್ಸ್ ಪಟ್ಟಿ ಕೀಳೋದು, ರಕ್ತ ಬರೋದು, ಉಸಿರು ಹಿಡಿದು ಬಿಗಿ ಒಳಉಡುಪಿನೊಳಗೆ ತೂರಿಕೊಳ್ಳೋದು. ಮಧ್ಯೆ ರ‍್ಯಾಪ್ ಮಾಡೋಕೆ ಬರೋ ನಿಪ್ಸಿ ಹಸಲ್ ಆ ಬಾತ್‌ರೂಮ್ ನೋಡಿ ಬೆಚ್ಚಿಬಿದ್ದು, ಹಾಡು ನಿಲ್ಲಿಸಿ, ಒಂದಷ್ಟು ಹೆಂಗಸರ ಕ್ಷಮೆ ಕೇಳಬೇಕು ಅಂತ ಹೊರಟೇಬಿಡ್ತಾನೆ. ಇದನ್ನ ಭಾಷಣ ಮಾಡಿ ಹೇಳಿದ್ರೆ ನೀವು ಎರಡನೇ ನಿಮಿಷಕ್ಕೆ ಫೋನ್ ತೆಗೀತಿದ್ರಿ.

ನನ್ನ ವಾದ ನಿಂತಿರೋದು ಇನ್ನೊಂದು ಹಾಡಿನ ಮೇಲೆ. ಮೊದಲ ಸೀಸನ್ನಿನ ಹನ್ನೊಂದನೇ ಕಂತಿನದು. ಹೆಸರು ‘ಯೂ ಸ್ಟುಪಿಡ್’ ಅಂತ ಶುರುವಾಗುತ್ತೆ, ಮುಗಿಯೋ ಪದ ನಿಮ್ಮ ಊಹೆಗೆ. ಜಾಶ್‌ಗೆ ಹೋಗಬಾರದ ಮೆಸೇಜ್ ಹೋಗಿದೆ, ಅಳಿಸೋಕೆ ಅವನ ಮನೆಗೆ ನುಗ್ಗಿದಾಳೆ, ಸಿಕ್ಕಿಬಿದ್ದು ಸುಳ್ಳು ಹೇಳಿದಾಳೆ, ಆ ಸುಳ್ಳಿಗೆ ಇನ್ನೊಂದು ಸುಳ್ಳು ಕಟ್ಟಿದಾಳೆ, ಎಲ್ಲ ಬಯಲಾಗಿದೆ. ಆಗ ಬರೋದು ದೊಡ್ಡ ಗಾಯಕಿಯರು ಸ್ಟೇಜಿನ ಮಧ್ಯೆ ಒಂದೇ ಬೆಳಕಿನಡಿ ನಿಂತು ಹಾಡುವ ವಿರಹದ ಬ್ಯಾಲಡ್. ಆದರೆ ಹಾಡು ಪ್ರಿಯಕರನಿಗಲ್ಲ. ತನ್ನನ್ನ ತಾನೇ, ಹೆಸರಿಟ್ಟು, ಒಂದೊಂದಾಗಿ ತಪ್ಪು ಎಣಿಸಿ ಬೈದುಕೊಳ್ಳೋದು. ಎದುರಿಗೆ ಪ್ರೇಕ್ಷಕರಿದ್ದಾರೆ. ಅವರಿಗೂ ಹಾಡೋಕೆ ಹೇಳ್ತಾಳೆ. ಅವರು ಹಾಡ್ತಾರೆ. ಪದ ಗೊತ್ತು ಅವರಿಗೆ, ಯಾಕಂದ್ರೆ ಇದು ಅವಳ ಹಳೇ ಹಿಟ್ಟು. ಎಷ್ಟು ರಾತ್ರಿ ಹಾಡಿದಾಳೋ ಏನೋ.

ಈಗ ಹೇಳಿ, ಇದನ್ನ ‘ಸ್ವಂತ’ ರೀತಿಯಲ್ಲಿ, ಅಣಕವಿಲ್ಲದೆ, ಹೇಗೆ ತೋರಿಸ್ತೀರಿ? ಕೋಣೆಯಲ್ಲಿ ಒಬ್ಬಳೇ ಕೂತು ಅಳೋ ಹಾಗೆ ತೋರಿಸಬಹುದು, ಪಾಪ ಅನ್ನಿಸುತ್ತೆ. ತನ್ನನ್ನ ದ್ವೇಷಿಸಿಕೊಳ್ಳೋದರಲ್ಲಿ ಒಂದು ಸುಖ ಇರುತ್ತೆ ಅನ್ನೋದನ್ನ, ಅದೊಂದು ಪ್ರದರ್ಶನ, ಅದಕ್ಕೆ ಒಳಗೇ ಚಪ್ಪಾಳೆ ಬೀಳ್ತಿರುತ್ತೆ ಅನ್ನೋದನ್ನ ತೋರಿಸೋಕೆ ಆ ಬ್ಯಾಲಡ್ಡೇ ಬೇಕು. ಅಪ್ರೈಸಲ್ ಕೆಟ್ಟ ರಾತ್ರಿ ಎರಡು ಗಂಟೆಗೆ ಫ್ಯಾನ್ ನೋಡ್ತಾ ಮಲಗಿ, ಮೀಟಿಂಗಿನಲ್ಲಿ ಆಡಿದ ಒಂದು ಪೆದ್ದು ಮಾತನ್ನ ನಲವತ್ತನೇ ಸಲ ರೀಪ್ಲೇ ಮಾಡಿಕೊಂಡವರಿಗೆ ಇದು ಬಿಡಿಸಿ ಹೇಳಬೇಕಾದ ವಿಷಯ ಅಲ್ಲ. ಆ ರೀಪ್ಲೇಗೆ ಒಂದು ಆರ್ಕೆಸ್ಟ್ರಾ ಇದೆ ಅಂತ ನನಗೆ ಗೊತ್ತಾಗಿದ್ದು ಈ ಹಾಡಿನಿಂದ.

‘ಅಷ್ಟು ಒಳ್ಳೇದಾಗಿದ್ರೆ ಹಿಟ್ ಆಗ್ಬೇಕಿತ್ತಲ್ಲ’ ಅನ್ನೋದು ಮುಂದಿನ ಬಾಣ. ಎಲ್ಲಕ್ಕೂ ಡ್ಯಾಶ್‌ಬೋರ್ಡ್ ನೋಡೋ ನಮ್ಮ ಪೀಳಿಗೆಯ ಮೆಚ್ಚಿನ ಬಾಣ. ಹೌದು, ಅಮೆರಿಕದ ನೆಟ್‌ವರ್ಕ್ ಟಿವಿಯಲ್ಲಿ ಅತಿ ಕಡಿಮೆ ಜನ ನೋಡ್ತಿದ್ದ ಶೋಗಳಲ್ಲಿ ಇದೂ ಒಂದು. ಆದರೂ ಚಾನೆಲ್ ಮುಖ್ಯಸ್ಥ ಮಾರ್ಕ್ ಪೆಡೊವಿಟ್ಜ್ ಪ್ರತಿ ವರ್ಷ ಅದನ್ನ ಮುಂದುವರಿಸಿದರು. 2016ರ ಜನವರಿಯಲ್ಲಿ ಬ್ಲೂಮ್‌ಗೆ ಗೋಲ್ಡನ್ ಗ್ಲೋಬ್ ಬಂತು. ನೃತ್ಯ ಸಂಯೋಜನೆಗೆ ಕ್ಯಾಥರಿನ್ ಬರ್ನ್ಸ್‌ಗೆ ಎಮ್ಮಿ ಬಂತು. ಎಲ್ಲಕ್ಕಿಂತ ಮುಖ್ಯ, ಅಂದುಕೊಂಡ ನಾಲ್ಕು ಸೀಸನ್‌ನಲ್ಲಿ ಕಥೆ ಪೂರ್ತಿ ಹೇಳಿ ಮುಗಿಸೋ ಅವಕಾಶ ಸಿಕ್ತು. ಕೋಟಿ ಜನ ನೋಡೋ ಎಷ್ಟು ಸೀರಿಯಲ್‌ಗಳಿಗೆ ಈ ಭಾಗ್ಯ ಇದೆ?

ಅವಳ ಜೊತೆ ಹಾಡು ಕಟ್ಟಿದವರನ್ನೂ ನೋಡಿ. ಜ್ಯಾಕ್ ಡಾಲ್ಜನ್ ಮತ್ತು ಆ್ಯಡಮ್ ಶ್ಲೆಸಿಂಜರ್. ಶ್ಲೆಸಿಂಜರ್ ‘ಫೌಂಟನ್ಸ್ ಆಫ್ ವೇಯ್ನ್’ ಬ್ಯಾಂಡಿನವರು. 1996ರ ‘ದಟ್ ಥಿಂಗ್ ಯೂ ಡೂ!’ ಸಿನಿಮಾಕ್ಕೆ 1964ರ ಹಿಟ್ ಹಾಡು ಅನ್ನಿಸೋ ಹಾಡೊಂದು ಬೇಕಿತ್ತು. ಅದನ್ನ ಬರೆದವರು ಇವರೇ, ಅದು ಆಸ್ಕರ್ ನಾಮನಿರ್ದೇಶನದವರೆಗೂ ಹೋಯ್ತು. ಇಲ್ಲದ ಕಾಲದ ಹಾಡನ್ನ ಇದ್ದ ಹಾಗೆ ಕಟ್ಟಬಲ್ಲ ಮನುಷ್ಯ. ಇಂಥವರನ್ನ ‘ಕಾಪಿ’ ಅನ್ನೋರಿಗೆ ನಾನು ಏನೂ ಹೇಳಲ್ಲ.

ಹಾಗಂತ ಎಲ್ಲ ಹಾಡೂ ಚಿನ್ನ ಅಂತಲ್ಲ. ಒಂದೇ ಜೋಕನ್ನ ಎರಡು ನಿಮಿಷ ಎಳೆದ ಹಾಡುಗಳಿವೆ. ನಾಲ್ಕನೇ ಸೀಸನ್ನಿನಲ್ಲಿ ಗ್ರೆಗ್ ಪಾತ್ರಕ್ಕೆ ಬೇರೆ ನಟನನ್ನ ತಂದು, ಅದಕ್ಕೆ ಕಥೆಯೊಳಗೇ ಒಂದು ಸಮರ್ಥನೆ ಕೊಟ್ಟಿದ್ದು ಜಾಣತನವೇ ಹೊರತು ನನಗಂತೂ ಒಗ್ಗಲಿಲ್ಲ. ಇರಲಿ.

ಶೀರ್ಷಿಕೆಯಲ್ಲಿರೋ ‘ಕ್ರೇಜಿ’ ಪದದ ವಿಷಯ ಹಾಗೆ ಬಿಡೋ ಹಾಗಿಲ್ಲ. ಬಿಟ್ಟುಹೋದ ಹುಡುಗಿಯನ್ನ ಸೈಕೋ ಅನ್ನೋದು ನಮ್ಮ ವಾಟ್ಸ್ಯಾಪ್ ಗ್ರೂಪುಗಳಿಗೂ ಚೆನ್ನಾಗಿ ಗೊತ್ತು. ಶೋ ಆ ಬೈಗುಳವನ್ನ ಹಣೆಪಟ್ಟಿ ಮಾಡಿಕೊಂಡು ಶುರುವಾಗಿ, ಮೂರನೇ ಸೀಸನ್ನಿನ ಹೊತ್ತಿಗೆ ಅದನ್ನ ಅಕ್ಷರಶಃ ತಗೊಳ್ಳುತ್ತೆ. ರೆಬೆಕಾ ಜೀವ ಕಳಕೊಳ್ಳೋಕೆ ಹೋಗ್ತಾಳೆ. ಸಣ್ಣ ಸಣ್ಣದಕ್ಕೂ ಹಾಡು ಕಟ್ಟುತ್ತಿದ್ದ ಶೋ ಆ ದೃಶ್ಯದಲ್ಲಿ ಹಾಡಲ್ಲ. ಮುಂದಿನ ಕಂತಿನಲ್ಲಿ ಹಾಡು ವಾಪಸ್ ಬರುತ್ತೆ: ಡಾಕ್ಟರು ತನ್ನ ಕಾಯಿಲೆಗೆ ಒಂದು ಹೆಸರು ಹೇಳಲಿ ಅಂತ ಆಸೆಯಿಂದ ಹಾಡೋ ಬ್ರಾಡ್‌ವೇ ಹಾಡು, ‘ಎ ಡಯಾಗ್ನೋಸಿಸ್’. ರಾಜಕುಮಾರ ಬರಲಿ ಅಂತ ಹಾಡುವ ವರಸೆಯಲ್ಲಿ ರೋಗನಿರ್ಣಯ ಬರಲಿ ಅನ್ನೋದು! ಡಾಕ್ಟರ್ ಹೇಳೋ ಹೆಸರು ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್. ಅದನ್ನ ಗೂಗಲ್ ಮಾಡಿದಾಗ ಅವಳ ಉತ್ಸಾಹ ಇಳಿಯೋದನ್ನೂ ಶೋ ಬಿಡಲ್ಲ. ನಾಲ್ಕನೇ ಸೀಸನ್ನಿನಲ್ಲಿ ಖಿನ್ನತೆಯ ಮಾತ್ರೆ ಏನು ದೊಡ್ಡ ವಿಷಯ ಅಲ್ಲ ಅನ್ನೋ ಟ್ಯಾಪ್ ನೃತ್ಯದ ಹಾಡು ಬಂತು. ‘ಲಾ ಲಾ ಲ್ಯಾಂಡ್’ ಶೈಲಿಯಲ್ಲಿ ಜನ ಸಾಲುಗಟ್ಟಿ ಕುಣಿದು, ನಾವೂ ತಗೊಳ್ತೀವಿ ಅಂತಾರೆ. 2019ರಲ್ಲಿ ಬ್ಲೂಮ್, ಶ್ಲೆಸಿಂಜರ್, ಡಾಲ್ಜನ್ ಮೂವರಿಗೂ ಎಮ್ಮಿ ತಂದಿದ್ದು ಈ ಹಾಡು. ಎಚ್‌ಆರ್‌ನವರ ವೆಲ್‌ನೆಸ್ ವೆಬಿನಾರ್‌ಗೆ ಕ್ಯಾಮೆರಾ ಆಫ್ ಮಾಡಿ ಕೂತು, ಮಾತ್ರೆ ಸ್ಟ್ರಿಪ್ಪನ್ನ ವಿಟಮಿನ್ ಡಬ್ಬಿಯಲ್ಲಿ ಬಚ್ಚಿಟ್ಟುಕೊಳ್ಳೋರು ನಮ್ಮ ಫ್ಲೋರಿನಲ್ಲೇ ಎಷ್ಟು ಜನ ಇದಾರೋ. ಅವರಿಗೆ ಈ ಎರಡೂವರೆ ಮೂರು ನಿಮಿಷ ಆ ವೆಬಿನಾರ್‌ಗಿಂತ ಜಾಸ್ತಿ ಕೆಲಸ ಮಾಡಬಹುದು. ಬ್ಲೂಮ್ ತನ್ನ ಒಸಿಡಿ ಮತ್ತು ಖಿನ್ನತೆಯ ಬಗ್ಗೆ ಬಾಯಿಬಿಟ್ಟು ಮಾತಾಡಿದಾಕೆ, ಹಾಗಾಗಿ ಹಾಡಿನಲ್ಲಿ ಉಪದೇಶದ ಧ್ವನಿ ಇಲ್ಲ.

ಕೊನೇ ಕಂತಿನಲ್ಲಿ ರೆಬೆಕಾ ತನ್ನ ಗೆಳತಿ ಪೌಲಾಗೆ ಗುಟ್ಟು ಹೇಳ್ತಾಳೆ: ನನ್ನ ತಲೆಯೊಳಗೆ ಹಾಡುಗಳು ಓಡ್ತವೆ ಅಂತ. ನಾವು ನಾಲ್ಕು ವರ್ಷ ನೋಡಿದ್ದೆಲ್ಲ ಅವಳ ತಲೆಯೊಳಗಿನದು. ಸಿನಿಮಾ, ನಾಟಕ, ಪಾಪ್ ಹಾಡು ಇಷ್ಟನ್ನೇ ಉಂಡು ಬೆಳೆದ ಹೆಣ್ಣಿಗೆ ತನ್ನ ಸಂಕಟವನ್ನ ಕೂಡ ಅವುಗಳ ಧಾಟಿಯಲ್ಲೇ ಕೇಳಿಸಿಕೊಳ್ಳೋ ಅಭ್ಯಾಸ. ಎರವಲು ವರಸೆಯೇ ಅವಳ ಕಾಯಿಲೆಯ ಒಂದು ಭಾಗ! ಮೂವರು ಗಂಡಸರಲ್ಲಿ ಯಾರನ್ನೂ ಆರಿಸಿಕೊಳ್ಳದೆ ಹಾಡು ಬರೆಯೋದು ಕಲೀತಾಳೆ. ಕೀಬೋರ್ಡ್ ಮುಂದೆ ಕೂತು, ಇದು ನಾನು ಬರೆದಿದ್ದು ಅಂತಾಳೆ. ಅಲ್ಲಿಗೆ ಕಟ್. ಆ ಹಾಡು ನಮಗೆ ಕೇಳಿಸಲ್ಲ. ‘ಸ್ವಂತದ್ದು ಏನಿದೆ’ ಅಂತ ಕೇಳುವವರು ಕೇಳೋ ಮುಂಚೆಯೇ ಶೋ ಆ ಪ್ರಶ್ನೆಯನ್ನ ನಾಲ್ಕು ವರ್ಷ ಹೊತ್ತುಕೊಂಡು ತಿರುಗಿದೆ.

ಒಂದು ವರ್ಷದೊಳಗೆ, 2020ರ ಏಪ್ರಿಲ್ 1ರಂದು, ಶ್ಲೆಸಿಂಜರ್ ಕೋವಿಡ್‌ನಿಂದ ತೀರಿಕೊಂಡರು. ಅದೇ ದಿನಗಳಲ್ಲಿ ಬ್ಲೂಮ್‌ಗೆ ಮಗಳು ಹುಟ್ಟಿ, ಮಗು ಐಸಿಯುನಲ್ಲಿತ್ತು. 2024ರ ಅಕ್ಟೋಬರಿನಲ್ಲಿ ನೆಟ್‌ಫ್ಲಿಕ್ಸಿಗೆ ಬಂದ ‘ಡೆತ್, ಲೆಟ್ ಮಿ ಡೂ ಮೈ ಸ್ಪೆಷಲ್’ನಲ್ಲಿ ಅವಳು ಅದ್ಯಾವುದೂ ನಡೆದೇ ಇಲ್ಲವೇನೋ ಅನ್ನೋ ಹಾಗೆ 2019ರ ಹಳೇ ಪೋಲಿ ಹಾಡುಗಳ ಶೋ ಮಾಡೋಕೆ ಹೊರಡ್ತಾಳೆ. ಪ್ರೇಕ್ಷಕರ ಮಧ್ಯೆ ಕೂತ ಸಾವು ಎದ್ದು ನಿಂತು ತಗಾದೆ ತೆಗೆಯುತ್ತೆ. ಆ ಪಾತ್ರ ಮಾಡಿರೋದು ಡೇವಿಡ್ ಹಲ್, ಹಳೇ ಶೋದಲ್ಲಿ ಇದ್ದ ನಟನೇ. ಅದನ್ನ ನೋಡೋದಾದರೆ ಪೂರ್ತಿ ಒಂದೇ ಸಲಕ್ಕೆ ಕೂತು ನೋಡಿ. ಮೂವತ್ತು ಸೆಕೆಂಡಿನ ತುಣುಕು ಕತ್ತರಿಸಿ, ನಗೋ ಇಮೋಜಿ ಅಂಟಿಸಿ, ನನಗೆ ಮಾತ್ರ ಫಾರ್ವರ್ಡ್ ಮಾಡಬೇಡಿ.