ಗುಜರಿ ಹುಡುಗನ ಕೈಗೆ ಬಾಂಬು ಕೊಡಬೇಡಿ!

ಕನ್ನಡದ ಯುವಕರೇ,

ನೀವು ದುಡಿಯುವ ಕಾರ್ಖಾನೆಯ, ಆಫೀಸಿನ ಗೋಡೆಯ ಮೇಲೆ ಒಂದು ಕೆಂಪು ಸಿಲಿಂಡರ್ ನೇತಾಡುತ್ತಿರುತ್ತದೆ. ಬೆಂಕಿ ಬಿದ್ದರೆ ಆರಿಸಲೆಂದು ಇಟ್ಟದ್ದು. ಹಳೆಯದಾದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂದು ಎಂದಾದರೂ ಕೇಳಿದ್ದೀರಾ?

ಹೊಸಕೋಟೆ ತಾಲ್ಲೂಕಿನ ನಮ್ಮ ಪಿಲ್ಲಗುಂಪೆ ಕೈಗಾರಿಕಾ ಪ್ರದೇಶವನ್ನೇ ತೆಗೆದುಕೊಳ್ಳಿ. ಶೆಡ್ಡಿನ ಪಕ್ಕ ಶೆಡ್ಡು. ಎಲ್ಲ ಕಡೆಯೂ ಈ ಸಿಲಿಂಡರ್ ಬೇಕೇ ಬೇಕು. ಅವಧಿ ಮುಗಿದದ್ದು ಮೂಲೆ ಸೇರುತ್ತದೆ, ಮೂಲೆಯಿಂದ ಗುಜರಿ ಗಾಡಿ ಹತ್ತುತ್ತದೆ. ಕಬ್ಬಿಣದ ತೂಕಕ್ಕೆ ಕಾಸು ಬಂತು, ಮಾಲೀಕನ ಲೆಕ್ಕ ಚುಕ್ತಾ! ಆದರೆ ಅದರ ಮೇಲೆ ಗ್ಯಾಸ್ ಕಟ್ಟರ್ ಹಿಡಿಯುವ ಹುಡುಗನ ಲೆಕ್ಕ ಯಾರ ಖಾತೆಗೆ?

ಒಳಗೇನಿದೆ ತಿಳಿಯಿರಿ. ಕಾರಿನ ಟೈರಿನಲ್ಲಿ ಗಾಳಿಯ ಒತ್ತಡ ಸುಮಾರು ಎರಡು ಬಾರ್. ಪುಡಿ ತುಂಬಿದ ಸಿಲಿಂಡರಿನಲ್ಲಿ ಸುಮಾರು 15 ಬಾರ್. ಕಾರ್ಬನ್ ಡೈ ಆಕ್ಸೈಡ್ ಸಿಲಿಂಡರಿನಲ್ಲಿ ಸುಮಾರು 60 ಬಾರ್! ಬಿಸಿ ತಾಗಿದರೆ ಅದು ಇನ್ನೂ ಏರುತ್ತದೆ. ಅಂಥದ್ದಕ್ಕೆ ಕಟ್ಟರಿನ ಉರಿ ಹಿಡಿದರೆ ಏನಾಗುತ್ತದೆಂದು ನಾನು ಬಿಡಿಸಿ ಹೇಳಬೇಕೇ? ತಲೆಯ ವಾಲ್ವು ಬಿಚ್ಚಲು ಹೋದರೆ ಅದೇ ಮುಖಕ್ಕೆ ಹಾರುತ್ತದೆ. "ಮೀಟರಿನ ಮುಳ್ಳು ಸೊನ್ನೆಯಲ್ಲಿದೆ, ಖಾಲಿ" ಎಂದು ನಂಬಬೇಡಿ. ಮುಳ್ಳು ತುಕ್ಕು ಹಿಡಿದು ನಿಂತಿರಬಹುದು. ಕಾರ್ಬನ್ ಡೈ ಆಕ್ಸೈಡ್ ಸಿಲಿಂಡರಿಗೆ ಮೀಟರೇ ಇರುವುದಿಲ್ಲ!

ನಾನು ಪ್ರೆಸ್ ನಡೆಸುವವನು. ಒಂದು ಕಾರ್ಖಾನೆಯವರು ಸಿಲಿಂಡರಿಗೆ ಅಂಟಿಸುವ ಸ್ಟಿಕ್ಕರ್ ಮಾಡಿಸಲು ಬಂದಾಗ, "ಕನ್ನಡದಲ್ಲೂ ನಾಲ್ಕು ಸಾಲು ಹಾಕೋಣ ಸಾರ್" ಎಂದೆ. "ಆಡಿಟ್‌ಗೆ ಇಂಗ್ಲಿಷ್ ಸಾಕು ಬಿಡಿ" ಎಂದರು. ನೋಡಿ! ಎಚ್ಚರಿಕೆ ಇರುವುದು ಆಡಿಟ್ ಮಾಡುವವನಿಗಂತೆ, ಕೈ ಹಾಕುವವನಿಗಲ್ಲವಂತೆ! ಕನ್ನಡ ಸೇರಿಸಿದರೆ ಆಗುವ ಖರ್ಚು ಒಂದು ಟೀ ಬೆಲೆಯೂ ಅಲ್ಲ.

ಕಾನೂನು ಇಲ್ಲವೇ? ಇದೆ. 2010ರ ಐಎಸ್ 2190 ಮಾನಕವೇ ನೀರು, ನೊರೆ, ಪುಡಿಯ ಸಿಲಿಂಡರಿಗೆ 10 ವರ್ಷ, ಕಾರ್ಬನ್ ಡೈ ಆಕ್ಸೈಡಿನದಕ್ಕೆ 15 ವರ್ಷ ಆಯುಸ್ಸು ಎಂದು ಹೇಳಿತ್ತು. ಪರೀಕ್ಷೆಯಲ್ಲಿ ಫೇಲಾದ ಗ್ಯಾಸ್ ಸಿಲಿಂಡರನ್ನು ಮತ್ತೆ ಬೆಸುಗೆ ಹಾಕಲಾಗದಂತೆ ಚಪ್ಪಟೆ ಮಾಡಿ ಅಥವಾ ತುಂಡರಿಸಿ ನಾಶ ಮಾಡಬೇಕು ಎಂದು 2016ರ ಗ್ಯಾಸ್ ಸಿಲಿಂಡರ್ ನಿಯಮ ಹೇಳುತ್ತದೆ. ಇಲ್ಲದಿದ್ದರೆ ಅದೇ ಡಬ್ಬ ಬಣ್ಣ ಬಳಿದುಕೊಂಡು ಇನ್ನೊಬ್ಬರ ಗೋಡೆಗೆ ಬಂದೀತು! 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯೂ ಬಂತು. ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಮೇಲೆ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು 2025ರ ಫೆಬ್ರವರಿಯಲ್ಲಿ ಸರ್ಕಾರ ಆದೇಶವನ್ನೂ ಹೊರಡಿಸಿತು. ಆದೇಶ ಕಡತದಲ್ಲಿದ್ದರೆ ಸಾಲದು, ಸಿಲಿಂಡರಿನ ಮೈಮೇಲೆ ಬರಬೇಕು!

"ನಮ್ಮಲ್ಲಿ ಒಡಿಶಾ, ಬಿಹಾರದ ಹುಡುಗರೇ ಹೆಚ್ಚು" ಎಂಬ ನೆಪ ಬೇಡ. ಅವರಿಗೆ ಅವರ ಭಾಷೆಯಲ್ಲೂ ಹೇಳಿ. ಅವರದೂ ಜೀವವೇ. ಕನ್ನಡ ಬಿಡುವುದಕ್ಕೆ ಅದು ಕಾರಣವಲ್ಲ.

2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ನಡೆದದ್ದು ನೆನಪಿರಲಿ. ದೆಹಲಿ ವಿಶ್ವವಿದ್ಯಾಲಯ ಹರಾಜು ಹಾಕಿದ ಹಳೆಯ ಯಂತ್ರದೊಳಗೆ ಕೋಬಾಲ್ಟ್-60 ಎಂಬ ವಿಕಿರಣ ವಸ್ತು ಇತ್ತು. ಬಿಚ್ಚಿದವರಿಗೆ ಅದು ಗೊತ್ತಿರಲಿಲ್ಲ. ಒಬ್ಬ ಕೆಲಸಗಾರ ಪ್ರಾಣ ಬಿಟ್ಟ. ವಸ್ತು ಬೇರೆ, ಪಾಠ ಒಂದೇ: ಮಾರುವವನು ಕೈ ತೊಳೆದುಕೊಂಡರೆ ಬಿಚ್ಚುವವನು ಸಾಯುತ್ತಾನೆ.

ಹಾಗಾದರೆ ಏನು ಮಾಡಬೇಕು?

1. ತುಂಬಿದ ಸಿಲಿಂಡರನ್ನು ಗುಜರಿಗೆ ಕೊಡಬೇಡಿ, ಕಸದ ಗಾಡಿಗೆ ಹಾಕಬೇಡಿ, ಬೆಂಕಿಗೆ ಎಸೆಯಲೇಬೇಡಿ. ಮಾರಿದವರಿಗೆ ಅಥವಾ ರೀಫಿಲ್ ಮಾಡುವವರಿಗೆ ಹಿಂತಿರುಗಿಸಿ. ಹೊಸದನ್ನು ಕೊಳ್ಳುವಾಗಲೇ ಹಳೆಯದನ್ನು ವಾಪಸು ಪಡೆಯಬೇಕೆಂದು ಆರ್ಡರಿನಲ್ಲಿ ಬರೆಯಿರಿ.

2. ಖಾಲಿ ಮಾಡುವುದು ತರಬೇತಿ ಪಡೆದವರ ಕೆಲಸ. ಕಾರ್ಬನ್ ಡೈ ಆಕ್ಸೈಡ್ ಗಾಳಿಗಿಂತ ಭಾರ. ಮುಚ್ಚಿದ ಕೋಣೆಯಲ್ಲಿ, ಗುಂಡಿಯಲ್ಲಿ ಬಿಟ್ಟರೆ ಉಸಿರು ಕಟ್ಟುತ್ತದೆ. ಅದರ ಚಳಿಗೆ ಕೈ ಚರ್ಮ ಸುಟ್ಟಂತಾಗುತ್ತದೆ. ಹಳೆಯ ಹ್ಯಾಲಾನ್ ಇದ್ದರೆ ಹೊರಗೆ ಬಿಡಲೇಬಾರದು, ಅದು ಓಜೋನ್ ಪದರವನ್ನು ಹಾಳುಮಾಡುವ ಅನಿಲ.

3. ನೊರೆಯ ದ್ರವವನ್ನು ಚರಂಡಿಗೆ ಸುರಿಯಬೇಡಿ. ಚರಂಡಿಯ ನೀರು ಕೊನೆಗೆ ಸೇರುವುದು ನಮ್ಮ ಕೆರೆಗಳನ್ನೇ.

4. ಖಾಲಿಯಾಗಿ, ವಾಲ್ವು ತೆಗೆದು, ತುಂಡಾದ ಮೇಲಷ್ಟೇ ಅದು ಗುಜರಿ. ಖಾಲಿ ಮಾಡಿದವರ ಸಹಿ ಇರುವ ಚೀಟಿ ಜೊತೆಗಿರಲಿ, ಕನ್ನಡದಲ್ಲಿ!

ಯುವಕರೇ, ನಾಳೆ ಕೆಲಸಕ್ಕೆ ಹೋದಾಗ ಆ ಕೆಂಪು ಸಿಲಿಂಡರಿನ ಮುಂದೆ ಒಂದು ನಿಮಿಷ ನಿಲ್ಲಿ. ತಯಾರಾದ ವರ್ಷ ನೋಡಿ. ಕನ್ನಡದ ಅಕ್ಷರ ಇದೆಯೇ ಹುಡುಕಿ. ಇಲ್ಲವಾದರೆ ಮ್ಯಾನೇಜರನ್ನು ಕೇಳಿ, ಬರವಣಿಗೆಯಲ್ಲಿ ಕೇಳಿ. ಉತ್ತರ ಬರುವವರೆಗೆ ಬಿಡಬೇಡಿ!