ಕಂಠೀರವದಲ್ಲಿ ಕನ್ನಡದ ಕಂಠ ಎಲ್ಲಿ?

ಕನ್ನಡದ ತರುಣರೇ, ನಿಮಗೊಂದು ನೇರ ಪ್ರಶ್ನೆ. 2023ರ ಮಾರ್ಚ್ 3ರ ರಾತ್ರಿ ಕಂಠೀರವ ಕ್ರೀಡಾಂಗಣದಲ್ಲಿ ಏನು ನಡೆಯಿತು?

ಗೊತ್ತು ಎನ್ನುತ್ತೀರಿ. ಐಎಸ್‌ಎಲ್ ಪ್ಲೇಆಫ್. ಬೆಂಗಳೂರು ಎಫ್‌ಸಿ ಎದುರು ಕೇರಳ ಬ್ಲಾಸ್ಟರ್ಸ್. ತೊಂಬತ್ತು ನಿಮಿಷ ಕಳೆದರೂ ಗೋಲಿಲ್ಲ. ಹೆಚ್ಚುವರಿ ಆಟದಲ್ಲಿ ಬ್ಲಾಸ್ಟರ್ಸ್ ಹುಡುಗರು ಇನ್ನೂ ಗೋಡೆ ಕಟ್ಟುತ್ತಿರುವಾಗಲೇ ಸುನಿಲ್ ಛೆಟ್ರಿ ಫ್ರೀ ಕಿಕ್ ಒದ್ದು ಚೆಂಡನ್ನು ಬಲೆಗೆ ಕಳಿಸಿದರು. ಅವರ ಕೋಚ್ ಇವಾನ್ ವುಕೊಮನೊವಿಚ್ ಸಿಟ್ಟಿಗೆದ್ದು ಇಡೀ ತಂಡವನ್ನು ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು. ಆಮೇಲೆ ಆ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯಗಳ ನಿಷೇಧ. ಆ ಗೋಲು ಸರಿಯೋ ತಪ್ಪೋ ಎಂದು ನೀವೆಲ್ಲ ವಾರಗಟ್ಟಲೆ ಕಚ್ಚಾಡಿದಿರಿ. (ನನ್ನನ್ನು ಕೇಳಿದರೆ ಸರಿ. ಎದುರಾಳಿ ತಲೆ ಬಾಚಿಕೊಂಡು ಸಿದ್ಧವಾಗುವವರೆಗೆ ಕಾಯಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ.)

ಈಗ ಎರಡನೆಯ ಪ್ರಶ್ನೆ. ಮರುದಿನ, ಮಾರ್ಚ್ 4ರಂದು ಏನಾಯಿತು?

ತಲೆ ಕೆರೆದುಕೊಳ್ಳುತ್ತಿದ್ದೀರಿ ಅಲ್ಲವೆ? ನಾನೇ ಹೇಳುತ್ತೇನೆ. ಆ ದಿನ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಅದು ರಾಜ್ಯ ತಂಡಗಳ ರಾಷ್ಟ್ರೀಯ ಚಾಂಪಿಯನ್‌ಷಿಪ್. ನಮಗದು ಒಲಿದದ್ದು 54 ವರ್ಷಗಳ ಮೇಲೆ! ಹಿಂದೆ 1946-47, 1952-53, 1967-68, 1968-69ರಲ್ಲಿ ಗೆದ್ದಾಗ ನಮ್ಮ ತಂಡದ ಹೆಸರು ಮೈಸೂರು. 1973ರಲ್ಲಿ ನಾಡಿಗೆ ಕರ್ನಾಟಕ ಎಂದು ಹೆಸರಾಯಿತಲ್ಲ, ಆ ಹೆಸರನ್ನು ಎದೆಯ ಮೇಲೆ ಹೊತ್ತು ಈ ಕಪ್ ಗೆದ್ದದ್ದು ಅದೇ ಮೊದಲು. ಕೋಚ್ ರವಿ ಬಾಬು ರಾಜು. ಆ ಹನ್ನೊಂದು ಹುಡುಗರಲ್ಲಿ ಇಬ್ಬರ ಹೆಸರು ಹೇಳಿ ನೋಡೋಣ. ಬೇಡ, ಒಬ್ಬರ ಹೆಸರು ಹೇಳಿ ಸಾಕು.

ಕರ್ನಾಟಕ ಎಂಬ ಹೆಸರಿಗಾಗಿ ಎಷ್ಟೋ ಜನ ಲಾಠಿ ಏಟು ತಿಂದಿದ್ದಾರೆ. ಆ ಹೆಸರು ಭಾರತದ ಚಾಂಪಿಯನ್ ಆದ ರಾತ್ರಿ ನೀವು ಫ್ರೀ ಕಿಕ್ಕಿನ ಜಗಳದಲ್ಲಿ ಮುಳುಗಿದ್ದಿರಿ!

ಛೆಟ್ರಿಯನ್ನಾಗಲಿ ಬೆಂಗಳೂರು ಎಫ್‌ಸಿಯನ್ನಾಗಲಿ ನಾನು ಹೀಗಳೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ನಾನು ಆ ನೀಲಿ ಅಂಗಿಯ ಹುಚ್ಚ. 2025ರ ಪ್ಲೇಆಫ್ ಓಟ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಲೀಗ್‌ನಲ್ಲಿ ಮೂರನೆಯ ಸ್ಥಾನ. ಮಾರ್ಚ್ 29ರಂದು ಕಂಠೀರವದಲ್ಲಿ ಮುಂಬೈ ಸಿಟಿಯ ಮೇಲೆ ಐದು ಗೋಲು, ತಿರುಗಿ ಒಂದೂ ಇಲ್ಲ! ನಾಲ್ಕು ದಿನ ಬಿಟ್ಟು ಸೆಮಿಫೈನಲ್‌ನ ಮೊದಲ ಪಂದ್ಯದಲ್ಲಿ ಗೋವಾಕ್ಕೆ 2-0 ಏಟು. ಏಪ್ರಿಲ್ 6ರಂದು ಅವರ ನೆಲದಲ್ಲಿ ಗೋವಾದವರು ಎರಡನ್ನೂ ತೀರಿಸಿದರು. 88ನೇ ನಿಮಿಷದಲ್ಲಿ ಎರಡನೆಯ ಗೋಲು ಬಿದ್ದಾಗ ಮುಗಿಯಿತು ಅಂದುಕೊಂಡೆವು. ತೊಂಬತ್ತು ನಿಮಿಷವೂ ದಾಟಿದ ಮೇಲೆ ನಲವತ್ತು ವಯಸ್ಸಿನ ಛೆಟ್ರಿ ತಲೆ ಕೊಟ್ಟು ಚೆಂಡನ್ನು ಬಲೆಗೆ ನೂಕಿದರಲ್ಲ, ಅಂಥ ಇಳಿವಯಸ್ಸಿನ ಹಟ ನಾನು ಬೇರೆ ಕಂಡಿಲ್ಲ.

ಏಪ್ರಿಲ್ 12ರಂದು ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಫೈನಲ್. ಮೋಹನ್ ಬಾಗನ್‌ನ ಸ್ವಂತ ಗೋಲಿನಿಂದ ನಮಗೆ ಮುನ್ನಡೆ. ಎರಡನೆಯದನ್ನು ಹೊಡೆಯಲಾಗಲಿಲ್ಲ. ನಮ್ಮವರ ಕೈಗೆ ಚೆಂಡು ತಗುಲಿ ಪೆನಾಲ್ಟಿ, ಹೆಚ್ಚುವರಿ ಆಟದಲ್ಲಿ ಮೆಕ್‌ಲಾರೆನ್ ಗೋಲು, 2-1, ಕಪ್ ಕೈತಪ್ಪಿತು. ನಾಲ್ಕು ಸಲ ಐಎಸ್‌ಎಲ್ ಫೈನಲ್ ಮುಟ್ಟಿದ ತಂಡಕ್ಕೆ ಕಪ್ ಸಿಕ್ಕದ್ದು 2019ರಲ್ಲಿ ಒಂದೇ ಸಲ. ಹೊಟ್ಟೆ ಉರಿಯುತ್ತದೆ.

ಆದರೆ ಆ ಓಟದ ಗೋಲುಗಾರರ ಪಟ್ಟಿ ನೋಡಿ. ಮಣಿಪುರದ ಸುರೇಶ್, ಸ್ಪೇನಿನ ಮೆಂಡೆಜ್, ಆಸ್ಟ್ರೇಲಿಯಾದಿಂದ ಬಂದ ವಿಲಿಯಮ್ಸ್, ಸಿಕಂದರಾಬಾದ್‌ನಲ್ಲಿ ಹುಟ್ಟಿದ ಛೆಟ್ರಿ, ಅರ್ಜೆಂಟೀನಾದ ಡಿಯಾಜ್. ಇವರೆಲ್ಲ ನಮ್ಮೂರಿಗಾಗಿ ಬೆವರು ಸುರಿಸಿದವರು, ಇವರಿಗೆ ಶರಣು. ಆದರೆ ಕರ್ನಾಟಕದ ಹುಡುಗ ಎಲ್ಲಿ? ಅದೇ ಸೀಸನ್ನಿನ ಮೊದಲ ಪಂದ್ಯದಲ್ಲಿ, 2024ರ ಸೆಪ್ಟೆಂಬರ್ 14ರಂದು, ಈಸ್ಟ್ ಬೆಂಗಾಲ್ ವಿರುದ್ಧದ ಒಂದೇ ಒಂದು ಗೋಲು ಹೊಡೆದು ಗೆಲ್ಲಿಸಿದವನು ನಮ್ಮ ಬೆಂಗಳೂರಿನ 19ರ ಹುಡುಗ ವಿನೀತ್ ವೆಂಕಟೇಶ್. ಆಗುತ್ತದೆ, ಸ್ವಾಮಿ! ನಮ್ಮ ಮಣ್ಣಿನಲ್ಲೂ ಆಟಗಾರ ಬೆಳೆಯುತ್ತಾನೆ. ಒಬ್ಬ ಬೆಳೆದರೆ ಹತ್ತು ಮಂದಿ ಯಾಕಿಲ್ಲ ಎಂದು ಕ್ಲಬ್ಬನ್ನು ಕೇಳುವವರು ಯಾರು?

ಕೇಳಬೇಕಾದವರು ನೀವು. ನೀವೋ, ಅರ್ಧರಾತ್ರಿ ಎದ್ದು ಬಾರ್ಸಿಲೋನಾ ಆಟ ನೋಡುತ್ತೀರಿ. "ಬಿಡು ಮಗಾ, ನಮ್ಮೂರ ಫುಟ್‌ಬಾಲ್ ಏನ್ ನೋಡ್ತೀಯ" ಎನ್ನುತ್ತೀರಿ. ಬಾರ್ಸಿಲೋನಾ ಅಂಗಿ ತೊಟ್ಟ ಗೆಳೆಯನೇ, ಆ ಅಂಗಿಯ ಕಥೆ ನಿನಗೆ ಗೊತ್ತೇನಯ್ಯ? ಅದು ಕ್ಯಾಟಲಾನ್ ಭಾಷೆಯ ಜನರ ಕ್ಲಬ್ಬು. ಸರ್ವಾಧಿಕಾರಿ ಫ್ರಾಂಕೋ ಆ ಭಾಷೆಯನ್ನು ಸಾರ್ವಜನಿಕ ಜೀವನದಿಂದ ಹೊರಗಟ್ಟಿದ. ಕ್ಲಬ್ಬಿನ ಹೆಸರನ್ನೂ ಬಿಡಲಿಲ್ಲ, ಅದನ್ನು ಸ್ಪ್ಯಾನಿಷ್ ಪದ್ಧತಿಗೆ ತಿರುಚಿಸಿದ. ಮೂವತ್ತಕ್ಕೂ ಹೆಚ್ಚು ವರ್ಷ ಆ ಜನ ಸ್ಟೇಡಿಯಮ್ಮಿಗೆ ಹೋಗಿ ತಮ್ಮ ಭಾಷೆಯಲ್ಲಿ ಕೂಗಿದರು, ಬೀದಿಯಲ್ಲಿ ಆಡಲಾಗದ ಮಾತನ್ನು ಮೈದಾನದಲ್ಲಿ ಆಡಿದರು. ಹೆಸರನ್ನು ವಾಪಸು ಪಡೆದರು. ಅದೇ ಸ್ಪೇನಿನಲ್ಲಿ ಬಿಲ್ಬಾವೊದ ಅಥ್ಲೆಟಿಕ್ ಕ್ಲಬ್ ಇದೆ. ಬಾಸ್ಕ್ ನಾಡಿನಲ್ಲಿ ಹುಟ್ಟಿದ ಅಥವಾ ಅಲ್ಲೇ ಆಟ ಕಲಿತ ಹುಡುಗರನ್ನು ಮಾತ್ರ ಆಡಿಸುತ್ತದೆ. ಆದರೂ ಒಮ್ಮೆಯೂ ಮೊದಲ ದರ್ಜೆಯಿಂದ ಕೆಳಗೆ ಬಿದ್ದಿಲ್ಲ. 2024ರಲ್ಲಿ 40 ವರ್ಷಗಳ ನಂತರ ಕೋಪಾ ಡೆಲ್ ರೇ ಕಪ್ಪನ್ನೂ ಎತ್ತಿತು. ಪರರ ಭಾಷಾಭಿಮಾನವನ್ನು ಎರಡು ಸಾವಿರ ರೂಪಾಯಿ ಕೊಟ್ಟು ಮೈಮೇಲೆ ಹಾಕಿಕೊಂಡು ಓಡಾಡುವವನಿಗೆ, ತನ್ನ ಭಾಷೆಯಲ್ಲಿ ಕೂಗಲು ನಾಚಿಕೆ!

ಅಷ್ಟು ದೂರ ಯಾಕೆ, ಬ್ಲಾಸ್ಟರ್ಸ್ ಬಂದ ದಿನ ಕಂಠೀರವಕ್ಕೆ ಹೋಗಿ ನೋಡಿ. ಒಂದು ಬದಿ ಪೂರಾ ಹಳದಿ. ಇಲ್ಲೇ ಕೆಲಸ ಮಾಡುವ, ಇಲ್ಲೇ ಓದುವ ಮಲಯಾಳಿ ಹುಡುಗರು ಮಲಯಾಳದಲ್ಲೇ ಕೂಗುತ್ತಾರೆ. ಅವರ ಮೇಲೆ ಸಿಟ್ಟೇ? ನನಗಿಲ್ಲ. ಭಾಷೆಯನ್ನು ಚೆಂಡಿನ ಜೊತೆ ಕಟ್ಟಿಕೊಂಡು ಬರುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು, ಅಷ್ಟೆ. ವೆಸ್ಟ್ ಬ್ಲಾಕ್‌ನ ಹುಡುಗರು ವರ್ಷಗಳಿಂದ ಗಂಟಲು ಹರಿದುಕೊಂಡು ಈ ತಂಡವನ್ನು ಹೊತ್ತಿದ್ದಾರೆ. ಆ ಗಂಟಲುಗಳ ಪಕ್ಕ ನಿಮ್ಮದೂ ಸೇರಬೇಕಿತ್ತು. ನೀವು ಹೋಗದೆ, ಅಲ್ಲಿ ಕನ್ನಡ ಕೇಳುತ್ತಿಲ್ಲ ಎಂದು ಚಹಾ ಅಂಗಡಿಯಲ್ಲಿ ಕೂತು ಗೊಣಗಿದರೆ ಆಯಿತೆ?

ಇನ್ನು ನಮ್ಮ ಹಿರಿಯರ ಲೆಕ್ಕಕ್ಕೂ ಸ್ವಲ್ಪ ಬರೋಣ. ಫುಟ್‌ಬಾಲ್ ಎಂದರೆ ಕಂಟೋನ್‌ಮೆಂಟಿನವರ ಆಟ, ಆಸ್ಟಿನ್ ಟೌನ್, ಗೌತಮಪುರದ ತಮಿಳರ, ಸಾಬರ ಆಟ ಎಂದು ಮೂಗು ಮುರಿದು ಪೇಟೆಯ ಕನ್ನಡಿಗ ಕ್ರಿಕೆಟ್ಟಿಗೆ ಹೋದ. ಇದಕ್ಕಿಂತ ದೊಡ್ಡ ದಡ್ಡತನ ಉಂಟೆ? 1937ರಲ್ಲಿ ಮುಂಬೈಗೆ ಹೋಗಿ ಬಿಳಿಯರ ಪಲ್ಟನ್ ತಂಡಗಳ ಹಿಡಿತದಲ್ಲಿದ್ದ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಯಾವುದು? ಬೆಂಗಳೂರ್ ಮುಸ್ಲಿಮ್ಸ್. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ, ನಮ್ಮವರಲ್ಲಿ ಬಹುಮಂದಿ ಬರಿಗಾಲಲ್ಲಿ ಆಡಿದ ಆ ಪಂದ್ಯದಲ್ಲಿ, ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಯಾವೂರು? ಬೆಂಗಳೂರು. ಈಸ್ಟ್ ಬೆಂಗಾಲ್‌ನ ಪಂಚಪಾಂಡವರಲ್ಲಿ ಒಬ್ಬರಾಗಿ ಬಂಗಾಳಿಗಳು ತಲೆ ಮೇಲೆ ಹೊತ್ತು ಮೆರೆಸಿದ ಅಹ್ಮದ್ ಖಾನ್ ಯಾವೂರು? ಇದೇ ಬೆಂಗಳೂರು! ಬಂಗಾಳಿ ಅವರನ್ನು ತನ್ನವನೆಂದ. ನಾವು ಅನ್ನಲಿಲ್ಲ. ಮನೆಯಲ್ಲಿ ಉರ್ದುವನ್ನೋ ತಮಿಳನ್ನೋ ಆಡುವ ಹುಡುಗ ಕರ್ನಾಟಕದ ಅಂಗಿ ತೊಟ್ಟು ಮೈದಾನಕ್ಕಿಳಿದರೆ ಅವನು ನಮ್ಮವನು. ಇದನ್ನು ಒಪ್ಪದವರು ನಮ್ಮ ಚಳವಳಿಯಲ್ಲೇ ಇದ್ದಾರೆ, ನನಗೆ ಗೊತ್ತು. ಅವರು ಬೇಕಾದರೆ ಈ ಪುಟ ಹರಿದು ಹಾಕಲಿ.

ಕ್ಲಬ್ಬಿಗೂ ಒಂದು ಮಾತು. 2013ರಲ್ಲಿ ಹುಟ್ಟಿದಾಗ ನೀವು "ಬೆಂಗಳೂರು" ಎಂದೇ ಹೆಸರಿಟ್ಟುಕೊಂಡಿರಿ. ಸರ್ಕಾರ ಇಂಗ್ಲಿಷಿನಲ್ಲಿ ಊರಿನ ಹೆಸರು ತಿದ್ದಿದ್ದು 2014ರ ನವೆಂಬರ್ 1ಕ್ಕೆ. ಸರ್ಕಾರಕ್ಕಿಂತ ಮೊದಲೇ ನಮ್ಮ ಹೆಸರನ್ನು ನಮ್ಮಂತೆ ಕರೆದದ್ದಕ್ಕೆ ಋಣಿ. ಆದರೆ ಹೆಸರೊಂದರಿಂದ ಊರಿನ ತಂಡ ಆಗುವುದಿಲ್ಲ. 2025ರ ಫೈನಲ್ ಮುಗಿದು ನಾಲ್ಕು ತಿಂಗಳೂ ಆಗಿರಲಿಲ್ಲ, ಒಕ್ಕೂಟಕ್ಕೂ ಲೀಗ್ ನಡೆಸುವವರಿಗೂ ಒಪ್ಪಂದದ ತಕರಾರು ಬಂದು ಆಟ ನಿಂತಿತು. ಆಗಸ್ಟ್‌ನಲ್ಲಿ ಕ್ಲಬ್ ಮೊದಲ ತಂಡದ ಸಂಬಳವನ್ನೇ ತಡೆಹಿಡಿಯಿತು. ದೆಹಲಿ ಮುಂಬೈಗಳ ಕಾಗದದ ಜಗಳಕ್ಕೆ ನಮ್ಮೂರ ತಂಡ ನಿಂತುಹೋಗುವುದಾದರೆ, ಅದರ ಬೇರು ಎಲ್ಲಿದೆ? ಹಾಸನದ, ಬಳ್ಳಾರಿಯ, ಶಿವಾಜಿನಗರದ ಹುಡುಗ ಆ ತಂಡದಲ್ಲಿದ್ದರೆ, ಅವನ ಓಣಿಯೆಲ್ಲ ಅದಕ್ಕಾಗಿ ಬೀದಿಗಿಳಿಯುತ್ತಿತ್ತು.

ಈಗ ಕೆಲಸದ ಮಾತು. ಮುಂದಿನ ಪಂದ್ಯಕ್ಕೆ ಹತ್ತು ಜನ ಜೊತೆಯಾಗಿ ಹೋಗಿ. ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಳ್ಳಿ, ಬಿಟ್ಟಿ ಪಾಸಿಗೆ ಅಲೆಯಬೇಡಿ. ಟಿಕೆಟ್ ಮೇಲೆ, ಗೇಟಿನ ಫಲಕದ ಮೇಲೆ, ಸ್ಕೋರ್ ಬೋರ್ಡಿನ ಮೇಲೆ, ಧ್ವನಿವರ್ಧಕದಲ್ಲಿ ಕನ್ನಡ ಎಷ್ಟಿದೆ ಎಂದು ಬರೆದುಕೊಳ್ಳಿ. ಇದ್ದರೆ ಶಹಬ್ಬಾಸ್ ಅನ್ನಿ. ಕೂಗುವಾಗ ಕನ್ನಡದಲ್ಲಿ ಕೂಗಿ, ಬೈಯುವಾಗಲೂ ಅಷ್ಟೆ. ಬಿಡುವಿದ್ದ ದಿನ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿಗೆ ಹೋಗಿ ಜಿಲ್ಲಾ ಲೀಗ್ ನೋಡಿ, ಸಂತೋಷ್ ಟ್ರೋಫಿಗೆ ಹುಡುಗರು ತಯಾರಾಗುವುದು ಅಂಥ ಮೈದಾನಗಳಲ್ಲಿ. ಆಮೇಲೆ ಕ್ಲಬ್ಬಿಗೆ ಕಾಗದ ಬರೆಯಿರಿ: ಮೊದಲ ತಂಡದಲ್ಲಿ ಕರ್ನಾಟಕದ ಹುಡುಗರು ಈಗ ಎಷ್ಟು, ಮೂರು ವರ್ಷದಲ್ಲಿ ಎಷ್ಟಾಗುತ್ತಾರೆ? ಕನ್ನಡದಲ್ಲೇ ಬರೆಯಿರಿ. ಉತ್ತರ ಇಂಗ್ಲಿಷಿನಲ್ಲಿ ಬಂದರೆ ಅದನ್ನು ಹಾಗೇ ನಮಗೆ ಕಳಿಸಿ, ಮುಖಪುಟದಲ್ಲಿ ಅಚ್ಚು ಹಾಕುತ್ತೇವೆ.